ಎರೆ ಹೊಲದ ತೋಳ, ಎಡಿನ್‌ಬರೋದ ಸಾಹೇಬ

ಇನ್ನೂರು ವರ್ಷದ ಹಿಂದೆ ಹರಿಹರದಲ್ಲಿ ತುಂಗಭದ್ರಾ ಹೊಳೆ ದಾಟಿದರೆ ಬೇರೆ ಸರ್ಕಾರ. ಈ ದಡ ಮೈಸೂರು ಸೀಮೆ. ಆ ದಡದ ರಾಣೆಬೆನ್ನೂರು ಕಡೆಯ ನಾಡು ಮೊದಲು ಪೇಶ್ವೆಗಳ ಕೈಯಲ್ಲಿತ್ತು, 1818ರಲ್ಲಿ ಕಂಪನಿಗೆ ಹೋಯಿತು. ಸರ್ಕಾರ ಎರಡಾದರೂ ಬೇಸಾಯ ಒಂದೇ: ಎರೆ ಹೊಲ, ಬಿಳಿಜೋಳ, ಹತ್ತಿ, ನಡುನಡುವೆ ಮಸಾರಿ ದಿಬ್ಬ, ದಿಬ್ಬದ ಮೇಲೆ ಹುಲ್ಲು. ಸೇತುವೆ ಇರಲಿಲ್ಲ, ಮುಂಗಾರು ಹಿಡಿದರೆ ಹರಿಗೋಲೇ ಗತಿ. 1800ರ ಜೂನ್‌ನಲ್ಲಿ ದಂಗೆಯೆದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಇಲ್ಲಿಯೇ ಹೊಳೆ ದಾಟಿತ್ತು. ಹದಿನೈದು ವರ್ಷದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ದಂಡು ಹೋದ ದಾರಿಯ ಊರುಗಳು ಏನಾಗಿರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮರುವರ್ಷ ಅದೇ ಸೀಮೆಗೆ ಇನ್ನೊಬ್ಬ ಬಂದ. ಕತ್ತಿಯಿಲ್ಲ, ಕೈಯಲ್ಲಿ ದಫ್ತರ. ಹೆಸರು ಫ್ರಾನ್ಸಿಸ್ ಬುಕಾನನ್, ಸ್ಕಾಟ್ಲೆಂಡಿನ ಪರ್ತ್‌ಶೈರಿನವನು, ಎಡಿನ್‌ಬರೋದಲ್ಲಿ ಓದಿದ ವೈದ್ಯ. ಟಿಪ್ಪು ಬಿದ್ದ ಮೇಲೆ ಕೈಗೆ ಬಂದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ ಎಂದು ನೋಡಿಕೊಂಡು ಬರಲು ಗವರ್ನರ್ ಜನರಲ್ ಕಳಿಸಿದ್ದ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಮಲಬಾರು, ಕನ್ನಡ ಜಿಲ್ಲೆ, ನಗರ ಎಲ್ಲ ಸುತ್ತಿ 1801ರಲ್ಲಿ ಹರಿಹರ, ದಾವಣಗೆರೆ ಮಾರ್ಗವಾಗಿ ಚಿತ್ರದುರ್ಗದ ಕಡೆ ಹೋದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳನ್ನು ಓದುವುದು ಸ್ವಲ್ಪ ತ್ರಾಸದ ಕೆಲಸ. ಯಾವ ಮಣ್ಣಿಗೆ ಎಷ್ಟು ಬೀಜ, ಎತ್ತಿನ ಬೆಲೆ ಎಷ್ಟು, ಆಳಿನ ಕೂಲಿ ಏನು ಎಂದು ಪುಟಗಟ್ಟಲೆ ಲೆಕ್ಕ. ನಗು ಎಂಬುದು ಮದ್ದಿಗೂ ಇಲ್ಲ. ಆದರೆ ಇನ್ನೂರು ವರ್ಷದ ಹಿಂದೆ ನಮ್ಮ ಕಡೆಯ ಒಕ್ಕಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ ಕೊನೆಗೆ ಇವನ ಹತ್ತಿರವೇ ಹೋಗಬೇಕು.

ಅವನು ಕಂಡ ದಾವಣಗೆರೆಗೆ ಆಗ ವಯಸ್ಸು ಕಡಿಮೆ. ಅದು ಬೇತೂರಿನ ಮಗ್ಗುಲ ಸಣ್ಣ ಊರಾಗಿತ್ತು. ಹೈದರ್ ಅಲಿ ಅದನ್ನು ಅಪ್ಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಸ್ಥರನ್ನು ಕರೆದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಎತ್ತಿನ ಹೇರುಗಳಲ್ಲಿ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಪೇಟೆಯ ಸ್ವಂತ ಸರಕು ಎಂದರೆ ಒಂದೇ, ಕಂಬಳಿ.

ಈ ಕಂಬಳಿಯ ಹಿಂದೆ ಬಯಲಿನ ಇಡೀ ಬದುಕು ಇತ್ತು. ಕುರಿಗೆ ವರ್ಷಕ್ಕೆರಡು ಸಲ ಕತ್ತರಿ ಬೀಳುತ್ತಿತ್ತು. ಉಣ್ಣೆಯನ್ನು ಬಿಲ್ಲಿನ ಹೆದೆಗೆ ಬಡಿದು ಹಿಂಜಿ, ಹೆಂಗಸರು ನೂತು, ಹಾಸಿಗೆ ಹುಣಸೆಬೀಜದ ಗಂಜಿ ಎಳೆದು ಒಣಗಿಸಿ, ಗುಂಡಿಮಗ್ಗಕ್ಕೆ ಏರಿಸುತ್ತಿದ್ದರು. ಗಂಜಿ ಕುಡಿದ ಕರಿಯ ಕಂಬಳಿ ಮೊದಮೊದಲು ತಗಡಿನಂತೆ ಸೆಟೆದು ನಿಲ್ಲುತ್ತದೆ. ನೀರು ಹನಿಯಾಗಿ ಜಾರುತ್ತದೆಯೇ ಹೊರತು ಒಳಗಿಳಿಯದು. ಕುರಿಗಾಹಿಗೆ ಅದೇ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹೊದಿಕೆ, ಸತ್ತರೆ ಹೊದಿಸುವುದೂ ಅದೇ. ದಾವಣಗೆರೆಯ ನಯವಾದ ಕಂಬಳಿಗಳಲ್ಲಿ ನೂರಾರು ರೂಪಾಯಿ ಬಾಳುವಂಥವೂ ಇದ್ದವು. ಒಂದು ಎತ್ತಿಗೆ ಕೆಲವೇ ರೂಪಾಯಿ ಇದ್ದ ಕಾಲದ ಮಾತು.

ಕಂಬಳಿ ಇದ್ದಲ್ಲಿ ಕುರಿ, ಕುರಿ ಇದ್ದಲ್ಲಿ ಹುಲ್ಲು, ಹುಲ್ಲು ಮತ್ತು ಕುರಿ ಎರಡೂ ಇದ್ದಲ್ಲಿ ತೋಳ. ತೋಳದ ಕತೆ ಬರೆದಿಟ್ಟವನು ಬುಕಾನನ್ ಅಲ್ಲ. ಅದಕ್ಕೆ ಇನ್ನೊಬ್ಬ ಸ್ಕಾಟ್ ಬರಬೇಕಾಯಿತು.

ವಾಲ್ಟರ್ ಎಲಿಯಟ್ ಹುಟ್ಟಿದ್ದು 1803ರಲ್ಲಿ, ಎಡಿನ್‌ಬರೋದಲ್ಲಿ. ಮನೆತನದ ಆಸ್ತಿ ಇದ್ದದ್ದು ಇಂಗ್ಲೆಂಡಿನ ಗಡಿಗೆ ಅಂಟಿಕೊಂಡ ರಾಕ್ಸ್‌ಬರೋಶೈರಿನ ವುಲ್ಫ್‌ಲೀಯಲ್ಲಿ, ಹಾವಿಕ್ ಎಂಬ ಪಟ್ಟಣದ ಹತ್ತಿರ. ಗುಡ್ಡದ ತುಂಬ ಕುರಿ, ಪಟ್ಟಣದ ತುಂಬ ಉಣ್ಣೆಯ ಹೆಣಿಗೆ; ಹಾವಿಕ್‌ನಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಬಂದದ್ದು 1771ರಲ್ಲಿ. ಹಾಗಾಗಿ ಕಂಬಳಿಯ ಸೀಮೆಗೆ ಬಂದ ಈ ಹುಡುಗನಿಗೆ ಕುರಿ ಹೊಸದಲ್ಲ. ಹೊಸದಾಗಿದ್ದದ್ದು ತೋಳ. ಸ್ಕಾಟ್ಲೆಂಡಿನ ತೋಳಗಳನ್ನು ಅವನ ಮುತ್ತಜ್ಜಂದಿರು ಎಂದೋ ಮುಗಿಸಿದ್ದರು.

ಕಂಪನಿಯ ನೌಕರಿ ಹಿಡಿದು ಬಂದ ಎಲಿಯಟ್‌ನನ್ನು ಧಾರವಾಡಕ್ಕೆ ಹಾಕಿದರು. ಕನ್ನಡಿಗರಿಗೆ ಅವನ ಹೆಸರು ಕಿವಿಗೆ ಬಿದ್ದಿರುವುದು ಕಿತ್ತೂರಿನ ಕತೆಯಲ್ಲಿ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಸಾಹೇಬರು ಸ್ಟೀವನ್‌ಸನ್ ಮತ್ತು ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ನಾಟಕಗಳಲ್ಲಿ, ಸಿನಿಮಾದಲ್ಲಿ ಅವನ ಪಾತ್ರ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಎಲಿಯಟ್ ಮತ್ತೆ 1833ರವರೆಗೆ ಧಾರವಾಡ ಸೀಮೆಯಲ್ಲೇ ಇದ್ದ, ಕನ್ನಡ ಕಲಿತ, ಹಳ್ಳಿಹಳ್ಳಿಯ ಕಲ್ಲುಶಾಸನಗಳನ್ನು ಪ್ರತಿ ಮಾಡಿಸಿದ. ಒಟ್ಟು 595 ಶಾಸನ. ಚಾಲುಕ್ಯರ ವಂಶಾವಳಿಗೆ ಒಂದು ಗಟ್ಟಿ ರೂಪ ಬಂದದ್ದೇ ಆ ಕಟ್ಟುಗಳಿಂದ. ಮಿಕ್ಕ ಹೊತ್ತಿನಲ್ಲಿ ಬೇಟೆ. ಬೇಟೆಯಾಡಿದ್ದನ್ನು ಅಳೆದ, ತೂಗಿದ, ಹಲ್ಲು ಎಣಿಸಿದ, ಹೊಟ್ಟೆ ಸೀಳಿ ಏನು ತಿಂದಿದೆ ಎಂದು ನೋಡಿದ, ಆಯಾ ಪ್ರಾಣಿಗೆ ಒಕ್ಕಲಿಗರು ಏನೆನ್ನುತ್ತಾರೆ, ಕುರಿಗಾಹಿಗಳು ಏನೆನ್ನುತ್ತಾರೆ ಎಂದು ಬರೆದುಕೊಂಡ. 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಅದು ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯಾಗಿ ಬಂತು. ಹೆಸರು ಮರಾಠಾ ಸೀಮೆ ಎಂದಿದ್ದರೂ ಒಳಗಿರುವುದು ಕನ್ನಡದ ಬಯಲು.

ಚಿಗರಿ, ಚಿಂಕಾರ, ಕಿರುಬ, ನರಿ, ಕಪ್ಪಲನರಿ, ಸಿವಂಗಿ ಎಲ್ಲ ಅಲ್ಲಿವೆ. ಸಿವಂಗಿ ಎಂದರೆ ಚೀತಾ. ನಮ್ಮ ಬಯಲಿನಲ್ಲಿ ಅದಿತ್ತು ಎಂದರೆ ಈಗ ನಂಬುವವರು ಕಡಿಮೆ. ಆದರೆ ಪಟ್ಟಿಯಲ್ಲಿ ಜೀವ ತುಂಬಿರುವ ಪುಟ ತೋಳದ್ದು. ಗುಂಪಾಗಿ ಬೇಟೆಯಾಡುವ ತೋಳಗಳು ಚಿಗರಿ ಹಿಂಡಿನ ಸುತ್ತ ಸದ್ದಿಲ್ಲದೆ ಹರಡಿಕೊಂಡು ಅಲ್ಲಲ್ಲಿ ಅಡಗುತ್ತವೆ. ಹಿಂಡು ಮೇಯುತ್ತ ಮೇಯುತ್ತ ಯಾವ ಕಡೆ ಸರಿಯುತ್ತದೋ ಆ ಕಡೆಯ ತೋಳ ಮೇಲೆ ಬೀಳುತ್ತದೆ. ಒಮ್ಮೆ ಮೂರು ತೋಳಗಳು ಚಿಂಕಾರಗಳನ್ನು ಹಳ್ಳದ ಕಡೆಗೇ ಅಟ್ಟಿಕೊಂಡು ಹೋದವು. ಹಳ್ಳದೊಳಗೆ ಇನ್ನೆರಡು ಕಾದು ಕೂತಿದ್ದವು. ಅಡಗಲು ಒಂದು ಗಿಡವೂ ಇಲ್ಲದ ಬಟಾಬಯಲಾದರೆ ಒಂದು ತೋಳ ನೆಲ ಕೆರೆದು ಗುಂಡಿ ಮಾಡಿ ಮಲಗುತ್ತದೆ, ಉಳಿದವು ಹಿಂಡನ್ನು ಅದರ ಮೇಲೆ ಹಾಯುವಂತೆ ಓಡಿಸುತ್ತವೆ ಎಂದು ಒಕ್ಕಲಿಗರು ಹೇಳುತ್ತಿದ್ದರು. ಎಲಿಯಟ್ ಇದನ್ನು ಕಣ್ಣಾರೆ ಕಂಡೆ ಎನ್ನುವುದಿಲ್ಲ. ಜನ ನಂಬುತ್ತಾರೆ ಎಂದಷ್ಟೇ ಬರೆದು ಮುಂದೆ ಹೋಗುತ್ತಾನೆ. ಅವನ ಮೇಲೆ ನನಗೆ ವಿಶ್ವಾಸ ಹುಟ್ಟುವುದು ಇಂಥ ಕಡೆ.

ಕುರಿಗೆ ತೋಳ ಬೀಳುವ ರೀತಿ ಕುರುಬರು ಹೇಳಿದ್ದು. ಅರ್ಧ ತೋಳಗಳು ನಾಯಿಗಳನ್ನು ಕೆಣಕಿ ಒಂದು ಕಡೆ ಹಿಡಿದಿಡುತ್ತವೆ, ಅಷ್ಟರಲ್ಲಿ ಉಳಿದವು ಕುರಿ ಹೊತ್ತು ಹೋಗುತ್ತವೆ. ಬೆನ್ನು ಹತ್ತಿದರೆ ಮತ್ತೆ ಅದೇ ಆಟ: ಎರಡು ತಿರುಗಿ ನಿಂತು ನಾಯಿಯನ್ನು ತಡೆದರೆ, ಇನ್ನೆರಡು ಹೆಣ ಎಳೆಯುತ್ತವೆ. ಇಂದಿಗೂ ಕುರಿಹಟ್ಟಿಯಲ್ಲಿ ಕೂತು ಕೇಳಿದರೆ ಹೆಚ್ಚು ಕಡಿಮೆ ಇದೇ ಮಾತು ಬರುತ್ತದೆ. ಹಿಂಡು ಬಿಟ್ಟು ಒಬ್ಬಂಟಿಯಾಗಿ ತಿರುಗುವ ದೊಡ್ಡ ತೋಳಕ್ಕೆ ಜನ ಒಂಟಿ ತೋಳ ಎಂದು ಬೇರೆಯೇ ಹೆಸರಿಟ್ಟಿದ್ದರು, ಅದರ ಭಯವೂ ಬೇರೆಯೇ. ಮನುಷ್ಯರ ಮೇಲೆ ಬಿದ್ದ ಲೆಕ್ಕವೂ ಇದೆ. ಕಿತ್ತೂರು ಯುದ್ಧ ನಡೆದ ಅದೇ 1824ರಲ್ಲಿ ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ತೋಳಗಳು ತಿಂದವು. ಚೆನ್ನಮ್ಮನ ಕತೆ ಹೇಳುವಾಗ ಈ ಮಕ್ಕಳು ಯಾರ ನೆನಪಿಗೂ ಬರುವುದಿಲ್ಲ.

ಎರಡು ವರ್ಷದ ಮೇಲೆ ಬಂದ ಪೀಡೆ ತೋಳಕ್ಕಿಂತ ದೊಡ್ಡದು, ಗಾತ್ರದಲ್ಲಿ ಮಾತ್ರ ಹಿಡಿಯಷ್ಟು.

ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮೊಣಕೈವರೆಗೆ ಕೈ ಇಳಿಯುವಷ್ಟು ಬಿರುಕು. ಈ ಬಿರುಕುಗಳಲ್ಲಿ ಒಂದು ಜಾತಿಯ ಮೆತ್ತನೆ ತುಪ್ಪಟದ ಇಲಿ ವಾಸ ಮಾಡುತ್ತದೆ, ಒಡ್ಡರು ಅದಕ್ಕೆ ಮೆಟ್ಟಾಡ ಎನ್ನುತ್ತಾರೆ ಎಂದು ಎಲಿಯಟ್ ಬರೆದ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಎರೆ ಉಬ್ಬಿದರೆ ಬಿರುಕು ಮುಚ್ಚಿಕೊಳ್ಳುತ್ತವೆ, ಒಳಗಿದ್ದ ಇಲಿಗಳು ಅಲ್ಲೇ ಸಾಯುತ್ತವೆ. ಪ್ರತಿ ವರ್ಷ ಹೀಗೆ ಮಳೆಯೇ ಲೆಕ್ಕ ಚುಕ್ತಾ ಮಾಡುತ್ತಿತ್ತು. 1826ರಲ್ಲಿ ಮುಂಗಾರಿನ ಮೊದಲ ಮಳೆಗಳು ಕೈಕೊಟ್ಟವು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜ ಬಿತ್ತಿದ ಹಾಗೆ ಹೆಕ್ಕಿ ತಿಂದವು. ಹೇಗೋ ಉಳಿದು ತೆನೆ ಕಟ್ಟಿದ ಜೋಳದ ದಂಟನ್ನು ಹತ್ತಿ ತೆನೆ ಕಡಿದು ಕೆಳಗೆ ಕೆಡವಿ, ನೆಲದಲ್ಲಿ ಕೂತು ಆರಾಮಾಗಿ ತಿಂದವು. ಹೊಲಕ್ಕೆ ಹೊಲವೇ ಬೋಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು ಎಂದು ಕಂದಾಯ ವಸೂಲಿಯ ಸರ್ಕಾರದ ನೌಕರನೇ ಬರೆದಿದ್ದಾನೆ; ಬರೆಯಬೇಕಾದರೆ ನಷ್ಟ ಸಣ್ಣದಿರಲಿಕ್ಕಿಲ್ಲ. ರೈತರು ಒಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಯಿತು. ಸಾವಿರಗಟ್ಟಲೆ ಕೊಂದರು. ಇಲಿ ಕಡಿಮೆಯಾದಂತೆ ಕಾಣಲೇ ಇಲ್ಲ.

ಇನ್ನೊಂದು ಇಲಿ ಕೊಕ್ಕ. ದಪ್ಪ ತಲೆಯ, ಸಿಡುಕಿನ ಪ್ರಾಣಿ. ಅದು ಬಿರುಕನ್ನು ನಂಬದೆ ತಾನೇ ಬಿಲ ತೋಡುತ್ತದೆ, ಬಿಲದ ಮಗ್ಗುಲಲ್ಲಿ ಕೋಣೆ ಮಾಡಿ ಸುಗ್ಗಿಯಲ್ಲಿ ಕಾಳು ತುಂಬುತ್ತದೆ. ಆಗಿನ ರೈತ ಮನೆ ಮುಂದೆ ಹಗೇವು ತೆಗೆದು ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದನಲ್ಲ, ಅದರ ಮರಿ ಹಗೇವು ಇದು. ಒಡ್ಡರಿಗೆ ಒಂದೊಂದು ಬಿಲದಲ್ಲಿ ಒಮ್ಮೊಮ್ಮೆ ಸೇರಿನಷ್ಟು ಕಾಳು ಸಿಗುತ್ತಿತ್ತು, ಇಲಿಯ ಮಾಂಸ ಬೇರೆ. ಯಾವ ಇಲಿ ಎಲ್ಲಿರುತ್ತದೆ, ಬಿಲದ ಬಾಯಿ ಯಾವ ಕಡೆ, ಕಣಜ ಯಾವ ಮಗ್ಗುಲಲ್ಲಿ ಎನ್ನುವುದೆಲ್ಲ ಕೆರೆ ಬಾವಿ ತೋಡುತ್ತ ಊರೂರು ತಿರುಗುತ್ತಿದ್ದ ಆ ಭೋವಿ ಜನಕ್ಕೆ ಗೊತ್ತಿದ್ದ ವಿದ್ಯೆ. ಎಲಿಯಟ್ ಅವರಿಂದ ಕೇಳಿಕೊಂಡ, ಅವರು ಹೇಳಿದ್ದು ಎಂದೂ ಬರೆದ. ಮಾದರಿಗಳು ಲಂಡನ್ನಿಗೆ ಹೋದವು. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ 1837ರಲ್ಲಿ ಅವಕ್ಕೆ ಲ್ಯಾಟಿನ್ ಹೆಸರಿಟ್ಟ. ಒಡ್ಡರ ಮೆಟ್ಟಾಡ ಅಲ್ಲಿ ಮೆಲ್ಟಾಡ ಎಂದಾಯಿತು. ಗಿಡ್ಡ ಮುಸುಡಿಯ ಇನ್ನೊಂದು ಇಲಿ ಗೊಲುಂಡ ಎಲಿಯೊಟಿ ಎಂದಾಯಿತು. ಬಿಲ ಅಗೆದು ಹಿಡಿದು ಕೊಟ್ಟವರ ಹೆಸರು ಯಾವ ಇಲಿಗೂ ಇಲ್ಲ.

1860ರಲ್ಲಿ ನಿವೃತ್ತನಾಗಿ ಎಲಿಯಟ್ ವುಲ್ಫ್‌ಲೀಗೆ ಮರಳಿದ. ಕಣ್ಣು ಮಂಜಾಗುತ್ತ ಬಂದಿತ್ತು, ಓದು ಬರಹ ನಿಂತಿರಲಿಲ್ಲ. 1875-76ರಲ್ಲಿ ಆ ಗಡಿಯ ಕುರಿಗುಡ್ಡಗಳಲ್ಲಿ ವೋಲ್ ಎಂಬ ಮೊಂಡುಬಾಲದ ಹುಲ್ಲಿಲಿ ಮಿತಿಮೀರಿ ಹೆಚ್ಚಿತು. ಹಿಮದ ಕೆಳಗೆ ಹುಲ್ಲಿನ ಬುಡವನ್ನೇ ಕಡಿದು ಹಾಕಿತು. ವಸಂತಕ್ಕೆ ಗುಡ್ಡ ಹಸಿರಾಗಲಿಲ್ಲ, ಈದ ಕುರಿಗಳಿಗೆ ಮೇವಿಲ್ಲದೆ ಮರಿ ಸತ್ತವು. ಅಲ್ಲಿನ ಸಾಹುಕಾರ ಒಕ್ಕಲಿಗರು ಇಂಥದ್ದನ್ನು ಕಂಡೇ ಇಲ್ಲ ಎಂದು ಗಾಬರಿಯಾದರು. ವುಲ್ಫ್‌ಲೀಯ ಮುದುಕ ಕಂಡಿದ್ದ, ಐವತ್ತು ವರ್ಷದ ಹಿಂದೆ, ಎರೆ ಹೊಲದಲ್ಲಿ. ಬರ್ವಿಕ್‌ಶೈರಿನ ನಿಸರ್ಗಾಸಕ್ತರ ಸಂಘದ ಹೊತ್ತಿಗೆಯಲ್ಲಿ ಆ ವೋಲ್ ಪೀಡೆಯ ವರದಿ ಬರೆದವನು ಅವನೇ. 1890ರ ದಶಕದ ಆರಂಭದಲ್ಲಿ ಪೀಡೆ ಇನ್ನೂ ಜೋರಾಗಿ ಮರುಕಳಿಸಿದಾಗ ಅವನಿರಲಿಲ್ಲ. 1887ರ ಮಾರ್ಚ್ 1ರಂದು ತೀರಿಕೊಂಡಿದ್ದ. ಆಗ ಸರ್ಕಾರ ಸಮಿತಿ ಮಾಡಿತು. ಸಮಿತಿಯವರು ಇಲಿಗೆ ರೋಗ ಬರಿಸುವ ಹೊಸ ಔಷಧಿ ನೋಡಲೆಂದು ಗ್ರೀಸ್ ದೇಶದ ಥೆಸ್ಸಲಿವರೆಗೆ ಹೋಗಿಬಂದರು. ಕಡೆಗೆ ಹೇಳಿದ್ದು ಗೂಬೆ, ಗಿಡುಗ, ಮುಂಗುಸಿಯಂತೆ ಕಾಣುವ ವೀಸಲ್‌ಗಳನ್ನು ಕೊಲ್ಲಬೇಡಿ ಎಂದು. ಶ್ರೀಮಂತರ ಬೇಟೆಹಕ್ಕಿ ಕಾಯುವ ಕಾವಲುಗಾರರು ಕಂಡಕಂಡ ಗಿಡುಗವನ್ನೆಲ್ಲ ಹೊಡೆದದ್ದೇ ಇಷ್ಟಕ್ಕೆಲ್ಲ ಕಾರಣ ಎಂದು ಅಲ್ಲಿನ ಕುರಿಸಾಕಣೆಯವರು ಬೈಯುತ್ತಿದ್ದರು.

ಅಲ್ಲಿ ಕುರಿಮರಿ ಸತ್ತ ವರ್ಷವೇ ಇಲ್ಲಿ ಬರ ಶುರುವಾಯಿತು. 1876ರಿಂದ 78ರವರೆಗಿನ ಆ ಬರದ ಅಳತೆ ತಿಳಿಯಲು ಎರಡು ಅಂಕಿ ಸಾಕು: 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನ ಐವತ್ತು ಲಕ್ಷದ ಮೇಲೆ, 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ. ಜನವೇ ಹೀಗಾದರೆ ಕುರಿ ದನಗಳ ಪಾಡು ಬೇರೆ ಹೇಳುವುದೇನು. ಬರ ಮುಗಿದು ಮಳೆ ಬಂತು ಎನ್ನುವಷ್ಟರಲ್ಲಿ, 1878-79ರಲ್ಲಿ, ಮುಂಬೈ ಕರ್ನಾಟಕ ಮತ್ತು ದಖ್ಖನ್ನಿನ ಬಯಲಿಗೆ ಮತ್ತೆ ಇಲಿ ಬಿತ್ತು. ಈ ಸಲ ಸರ್ಕಾರವೇ ಇಲಿಯ ಲೆಕ್ಕಕ್ಕೆ ಇನಾಮು ಕೊಟ್ಟಿತು. 1826ರಲ್ಲಿ ರೈತರು ಕಾಳಿನಲ್ಲಿ ಕೊಟ್ಟಿದ್ದನ್ನು ಈಗ ಖಜಾನೆ ಕಾಸಿನಲ್ಲಿ ಕೊಟ್ಟಿತು, ಅಷ್ಟೇ ವ್ಯತ್ಯಾಸ.

ಬರಕ್ಕೆ ಮುಂಚೆಯೇ, 1868ರಲ್ಲಿ, ಹರಿಹರದ ಸೇತುವೆ ಮುಗಿದಿತ್ತು. ಅರವತ್ತು ಅಡಿಯ ಹದಿನಾಲ್ಕು ಕಮಾನು, ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಹರಿಗೋಲಿನವರ ಕಸುಬು ಅಲ್ಲಿಗೆ ಇಳಿಯಿತು. ಹಿಂದೆಯೇ ರೈಲು ಬಂತು. ಹತ್ತಿ ಮೂಟೆಗಳು ಎತ್ತಿನ ಹೇರಿನಿಂದ ಗಾಡಿಗೆ, ಗಾಡಿಯಿಂದ ವ್ಯಾಗನ್ನಿಗೆ ಏರಿದವು. ಜಿನ್ನು, ಆಮೇಲೆ ಬಟ್ಟೆ ಗಿರಣಿ. ಕಂಬಳಿಯ ದಾವಣಗೆರೆ ಹತ್ತಿಯ ದಾವಣಗೆರೆಯಾಗಿ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಈ ಭಾಗದ ಕತೆಯನ್ನು ಊರಿನವರು ಸಾಕಷ್ಟು ಹೇಳಿಕೊಂಡಿದ್ದಾರೆ. ಬಯಲಿನ ಪ್ರಾಣಿಗಳಿಗೆ ಇದರಿಂದ ಆದ ತೊಂದರೆ ಕಡಿಮೆಯೇ. ಗಿರಣಿಗೆ ಹತ್ತಿ ಬೇಕಿತ್ತು, ಹತ್ತಿಗೆ ಎರೆ ಒಣ ಹೊಲವಾಗಿಯೇ ಇರಬೇಕಿತ್ತು. ಮಳೆ ನಂಬಿದ ಹೊಲ ವರ್ಷದಲ್ಲಿ ಅರ್ಧ ಕಾಲ ಖಾಲಿ ಬಿದ್ದಿರುತ್ತದೆ. ಆಗ ಕುರಿಯೂ ಮೇಯುತ್ತದೆ, ಚಿಗರಿಯೂ ಮೇಯುತ್ತದೆ.

ಬ್ರಿಟಿಷರ ಕೋವಿಯೇ ಬಯಲಿನ ಪ್ರಾಣಿಗಳನ್ನು ಮುಗಿಸಿತು ಎಂದು ಹೇಳುವುದು ರೂಢಿ. ಕೋವಿಯ ಪಾಲು ಇಲ್ಲ ಎನ್ನಲಾಗದು. ಆದರೆ ದಾವಣಗೆರೆ, ಹರಿಹರದ ಮಟ್ಟಿಗೆ ಬಯಲನ್ನು ಬಯಲಾಗಿ ಉಳಿಯಗೊಡದೆ ಇದ್ದದ್ದು ನೀರು. 1947ರಲ್ಲಿ ಲಕ್ಕವಳ್ಳಿಯ ಹತ್ತಿರ ಭದ್ರೆಗೆ ಅಣೆಕಟ್ಟೆಯ ಕೆಲಸ ಹಿಡಿದರು. ಅರವತ್ತರ ದಶಕದ ಹೊತ್ತಿಗೆ ಬಲದಂಡೆ ನಾಲೆಯ ನೀರು ದಾವಣಗೆರೆ, ಮಲೇಬೆನ್ನೂರು, ಹರಿಹರದ ಹೊಲಗಳಿಗೆ ಹರಿಯಿತು. ಜೋಳ ಹೋಗಿ ಭತ್ತ ಬಂತು, ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆ. ರೈತರ ಬಾಯಲ್ಲಿ ಮಳೆ ನಕ್ಷತ್ರಗಳ ಹೆಸರಿನ ಜೊತೆಗೆ ಡ್ಯಾಮಿನ ಮಟ್ಟವೂ ಸೇರಿಕೊಂಡಿತು. 186 ಅಡಿ ಎಂದರೆ ಭರ್ತಿ. ಆ ಅಂಕಿ ನೋಡಲೆಂದೇ ಬೆಳಿಗ್ಗೆ ಪತ್ರಿಕೆ ಬಿಡಿಸುವವರಿದ್ದಾರೆ. ಭತ್ತದ ಬೆನ್ನಿಗೆ ಅಕ್ಕಿ ಗಿರಣಿ, ಅಕ್ಕಿಯ ಬೆನ್ನಿಗೆ ಮಂಡಕ್ಕಿ ಭಟ್ಟಿ. ಉಣ್ಣುವವರ ಲೆಕ್ಕದಲ್ಲಿ ಇದು ಲಾಭವೇ. ಜೋಳದ ರೊಟ್ಟಿಗೆ ಮೊಮ್ಮಕ್ಕಳು ಮೂಗು ಮುರಿದರೂ, 1877ನ್ನು ನೆನೆದ ಯಾವ ಅಜ್ಜಿಯೂ ನಾಲೆ ಬೇಡ ಎನ್ನುತ್ತಿರಲಿಲ್ಲ.

ಹುಲ್ಲಿನ ದಿಬ್ಬಗಳಿಗೆ ನೀರು ಹತ್ತಲಿಲ್ಲ. ಅವಕ್ಕೆ ಬೇರೆ ಗತಿ ಕಾದಿತ್ತು. ಮರವಿದ್ದರೆ ಕಾಡು, ಮರವಿಲ್ಲದಿದ್ದರೆ ಬೀಳು ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಸ್ವಾತಂತ್ರ್ಯದ ನಂತರವೂ ನಮ್ಮ ಇಲಾಖೆಗಳು ಅದನ್ನೇ ಮುಂದುವರಿಸಿದವು. ಬೀಳು ಕಂಡಲ್ಲಿ ನೀಲಗಿರಿ ನೆಡುವುದು ಅಭಿವೃದ್ಧಿ ಎನಿಸಿತು. ಎಪ್ಪತ್ತರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ನಾರಿನ ಕಾರ್ಖಾನೆ ಎದ್ದ ಮೇಲೆ ಅದಕ್ಕೆ ಮರ ಬೇಕಾಯಿತು. 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಕೂಡಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಆಗಿನ ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಯಲು ಕೊಡಲಾಯಿತು. ಹಳ್ಳಿಯವರಿಗೆ ಅದು ದನದ ಮೇವು, ಸೌದೆ, ಹಣ್ಣು ಹಂಪಲಿನ ಜಾಗ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿ ಮುಚ್ಚಿತು.

ರಾಣೆಬೆನ್ನೂರಿನಲ್ಲಿ 1974ರಲ್ಲೇ ಚಿಗರಿಗಾಗಿ ಅಭಯಾರಣ್ಯವಾಗಿತ್ತು, ಸುಮಾರು 119 ಚದರ ಕಿಲೋಮೀಟರ್. ಹುಲ್ಲಿನ ಪ್ರಾಣಿಗೆ ಮಾಡಿದ ಆ ಅಭಯಾರಣ್ಯದ ಬಹುಭಾಗವೂ ನೀಲಗಿರಿ ತೋಪೇ! ಎರೆಲಡ್ಡು ಎಂಬ ಬಯಲಿನ ಅತಿ ದೊಡ್ಡ ಹಕ್ಕಿ ಅಲ್ಲಿ ಇನ್ನೂ ಇದ್ದದ್ದನ್ನು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ದಾಖಲಿಸಿದ್ದರು. ಮರ ಎದ್ದ ನೆಲದಲ್ಲಿ ಅದು ಉಳಿಯಲಿಲ್ಲ; ಈಗ ರಾಜ್ಯದಲ್ಲಿ ಎರೆಲಡ್ಡು ನೋಡಬೇಕೆಂದರೆ ಸಿರುಗುಪ್ಪದ ಕಡೆ ಹೋಗಿ ಅದೃಷ್ಟ ಪರೀಕ್ಷೆ ಮಾಡಬೇಕು. ಚಿಗರಿ ಮಾತ್ರ ಹೊಂದಿಕೊಂಡಿತು. ರಾತ್ರಿ ತೋಪು, ಹಗಲು ರೈತರ ಹೊಲ. ಹಾವೇರಿ, ಗದಗದ ಕಡೆ ಮೊಳಕೆ ಮೇಯುವ ಚಿಗರಿಯ ಮೇಲೆ ರೈತರಿಗೆ ಈಗ ಬರುವ ಸಿಟ್ಟು 1826ರ ಸಿಟ್ಟಿಗಿಂತ ಕಡಿಮೆಯದಲ್ಲ. ಚಿಗರಿಗೆ ಗುಂಡಿ ತೋಡಿ ಕಾಯುವ ತೋಳ ಕಡಿಮೆಯಾದ ಮೇಲೆ ಅದನ್ನು ಹೊಲದಿಂದ ಅಟ್ಟುವ ಕೆಲಸ ರೈತನ ತಲೆಗೇ ಬಂದಿದೆ.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಈ ಜಿಲ್ಲೆಗೂ ಸ್ವಂತದ್ದೊಂದು ವನ್ಯಧಾಮ ಬಂದದ್ದು 2011ರಲ್ಲಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ, ಕೊಂಡುಕುರಿಗಾಗಿ. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಇದೊಂದಕ್ಕೇ. ದಕ್ಷಿಣದ ಕೊಂಡುಕುರಿಗೆ ಮುಂದಿನ ಜೋಡಿ ಕೊಂಬು ಎಷ್ಟೋ ಸಲ ಬರೀ ಗುಬುಟು, ಇಲ್ಲವೇ ಅದೂ ಇಲ್ಲ. ಇದನ್ನು ಗುರುತಿಸಿ ಬೇರೆ ಹೆಸರು ಕೊಟ್ಟವನೂ ಎಲಿಯಟ್ಟೇ, ಅದೇ 1839ರ ಪಟ್ಟಿಯಲ್ಲಿ. ಪ್ರಾಣಿಶಾಸ್ತ್ರದವರು ಇಂದಿಗೂ ಈ ಉಪಜಾತಿಯ ಹೆಸರಿನ ಮುಂದೆ ಅವನ ಹೆಸರು, ಆ ವರ್ಷ ಬರೆಯುತ್ತಾರೆ. ಒಬ್ಬಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ, ಕುರುಚಲು ಗುಡ್ಡದ ಇಳಿಜಾರಿನಲ್ಲಿ ಬದುಕುವ ಸಂಕೋಚದ ಪ್ರಾಣಿ. ಗುಡ್ಡ ಕಲ್ಲು ಮುಳ್ಳಿನದಾಗಿದ್ದರಿಂದ ನಾಲೆ ಹತ್ತಲಿಲ್ಲ, ನೇಗಿಲು ಏರಲಿಲ್ಲ, ಪ್ರಾಣಿ ಉಳಿಯಿತು. ಬೆಳೆ ಬರುವ ನೆಲದ ಪ್ರಾಣಿಗೆ ಧಾಮ ಮಾಡುವ ಧೈರ್ಯ ಯಾರಿಗೂ ಬಂದಿಲ್ಲ. ತೋಳಕ್ಕೆಂದು ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಬಿಟ್ಟಿರುವ ಜಾಗ 332 ಎಕರೆ. ತೋಳ ಒಂದು ರಾತ್ರಿ ಓಡಾಡಿದರೆ ಅಷ್ಟು ಜಾಗ ಎಲ್ಲಿಗೂ ಸಾಲದು.

ಕುರಿ ಇನ್ನೂ ಇದೆ. ಉಣ್ಣೆಗೆ ಬೆಲೆಯಿಲ್ಲ, ಮಾಂಸಕ್ಕಿದೆ. ಭತ್ತ ಕೊಯ್ದ ಗದ್ದೆಗಳಿಗೆ ಕುರಿಗಾಹಿಗಳು ಮಂದೆ ತರುತ್ತಾರೆ, ಗದ್ದೆಯವರು ಗೊಬ್ಬರಕ್ಕೆಂದು ರಾತ್ರಿ ಮಂದೆ ನಿಲ್ಲಿಸಿಕೊಂಡು ಕಾಳೋ ದುಡ್ಡೋ ಕೊಡುತ್ತಾರೆ. ಮಂದೆಯ ಸುತ್ತ ಹಗ್ಗದ ಬಲೆ, ಮೂಲೆಗೊಂದು ನಾಯಿ, ಹೆಗಲ ಮೇಲೆ ಕಂಬಳಿ. ಕೆಲವರ ಕಂಬಳಿ ಈಗ ಗಿರಣಿಯದು.

ಎಲಿಯಟ್‌ನ ಪಟ್ಟಿಯಲ್ಲಿ ನಾಲೆಯಿಂದ ಲಾಭ ಮಾಡಿಕೊಂಡವನೆಂದರೆ ಕೊಕ್ಕ. ಎರೆ ಹೊಲ ಗದ್ದೆಯಾದ ಮೇಲೆ ಅದು ಬದುವಿಗೆ ಸ್ಥಳ ಬದಲಿಸಿತು. ಎರಡು ಬೆಳೆ ಬರುವುದರಿಂದ ಕಣಜಕ್ಕೆ ವರ್ಷವಿಡೀ ಸರಬರಾಜು. ಬದುವಿನಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಒಳಗೆ ಕೊಕ್ಕ ಇದೆ ಎಂದೇ ಅರ್ಥ. ಕೃಷಿ ವಿಜ್ಞಾನದವರು ಹೇಳುವ ಕ್ರಮ ಹೀಗೆ: ಮೊದಲು ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಮರುದಿನ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಅಲ್ಲಿಗೆ ಮೊದಲು ವಿಷವಿಲ್ಲದ ನುಚ್ಚು, ಎಣ್ಣೆ, ಬೆಲ್ಲದ ಉಂಡೆ ಇಟ್ಟು ರುಚಿ ಹತ್ತಿಸಬೇಕು. ಆಮೇಲೆ ಅದೇ ಉಂಡೆಗೆ ಸತುವಿನ ಫಾಸ್ಫೈಡ್ ಬೆರೆಸಬೇಕು. ಒಬ್ಬರೇ ಮಾಡಿದರೆ ಪಕ್ಕದ ಗದ್ದೆಯದು ಬರುತ್ತದೆ, ಆದ್ದರಿಂದ ನಾಲೆಯ ಬಯಲಿನವರೆಲ್ಲ ಒಟ್ಟಿಗೆ ಮಾಡಬೇಕು. ಇಷ್ಟೆಲ್ಲ ಹೇಳಿದ ಮೇಲೆ ಅವರೇ ಇನ್ನೊಂದು ಸೇರಿಸುತ್ತಾರೆ: ಗದ್ದೆಯಲ್ಲಿ ಅಲ್ಲಲ್ಲಿ ಅಡ್ಡಪಟ್ಟಿ ಕಟ್ಟಿದ ಕೋಲು ನೆಡಿ, ರಾತ್ರಿ ಗೂಬೆ ಬಂದು ಕೂರಲಿ.